ಬಹುಮಾನದ ಕಾರ್ಡು, ಹಳೆಯ ಪ್ರೊಸೆಸರ್

ಫೆಬ್ರವರಿ 3

ತಮ್ಮಾ,

ತೀರ್ಪು ಓದುವಾಗ ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ ಎಂದು ವಕೀಲರ ಹತ್ತಿರ ದೂರಿದೆಯಂತೆ. ನೋಡಿದೆ ಕಣೋ. ನೋಡದೆ ಇದ್ದವನು ನೀನು. ನಾಲ್ಕು ವರ್ಷ ಜೈಲು ಎಂದು ಜಡ್ಜ್ ಓದಿದಾಗಲೂ ನಿನ್ನ ದೃಷ್ಟಿ ಗೂಬೆಯನ್ನು ಬಿಟ್ಟು ಕದಲಲಿಲ್ಲ. ಅವನ ಎಡಗಣ್ಣಿನ ಮೇಲೆ ಬಿಳಿ ಪಟ್ಟಿ, ಬಲಗಣ್ಣು ನೆಲದ ಮೇಲೆ. ನಮ್ಮ ಮನೆಯಲ್ಲೇ ಉಂಡು, ನಿನ್ನ ಚಾಪೆಯಲ್ಲೇ ಮಲಗಿ ಬೆಳೆದ ಹುಡುಗ. ಅವನ ದೊಡ್ಡ ಕಣ್ಣುಗಳಿಗಾಗಿ ತಾನೇ ನೀನು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದು? ಈಗ ಅದರಲ್ಲಿ ಒಂದು ಇಲ್ಲ. ಡಾಕ್ಟರು ಉಳಿದದ್ದನ್ನು ತೆಗೆದು ಹೊಲಿದಿದ್ದಾರೆ.

ಕಂಪ್ಯೂಟರ್ ಆಟದ ಪಂದ್ಯದ ದಿನ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನಿಮ್ಮಿಬ್ಬರಲ್ಲಿ ಕೊನೆಯವರೆಗೆ ಉಳಿದವನನ್ನು ಆ ದೊಡ್ಡ ತಂಡದವರು ಕರೆದುಕೊಂಡು ಹೋಗುತ್ತಾರೆ ಎಂದು ಸಭಾಂಗಣಕ್ಕೆಲ್ಲ ಗೊತ್ತಿತ್ತು. ಪರದೆಯ ಮೇಲೆ ನೀನು ಸತ್ತೆ. ಹೆಡ್‌ಫೋನ್ ಕಿತ್ತು ಬಿಸಾಡಿದೆ. ಬಿಸಿಯಾಗುತ್ತದೆ ಎಂದು ನೀನು ಯಾವಾಗಲೂ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೇ ಆಡುತ್ತಿದ್ದೆ. ಆ ಸಂದಿಯಲ್ಲಿ ಕೈ ತೂರಿಸಿ ಗ್ರಾಫಿಕ್ಸ್ ಕಾರ್ಡನ್ನು ಬುಡಸಮೇತ ಕಿತ್ತೆ. ಮದರ್‌ಬೋರ್ಡ್ ಸೀಳಿದ ಸದ್ದು ನನಗೆ ಕೇಳಿಸಿತು. ದಿನಾ ಅಂಗಡಿಯಲ್ಲಿ ಕಂಪ್ಯೂಟರ್ ಕಟ್ಟುವವಳಿಗೆ ಆ ಸದ್ದು ಎಲ್ಲಿದ್ದರೂ ಕೇಳುತ್ತದೆ. ಮೊದಲ ಏಟು ಪಕ್ಕದಲ್ಲಿ ಕೂತಿದ್ದ ಗೂಬೆಯ ಹುಬ್ಬಿಗೆ ಬಿತ್ತು. ಎರಡನೆಯದನ್ನು ಕಾರ್ಡಿನ ತಗಡಿನ ಅಂಚಿನಿಂದ ಕೊಟ್ಟೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ನಾನು ಹಿಂದಿನಿಂದ ಹಿಡಿದೆ. ನನ್ನ ಉಗುರು ನಾಟಿದ ಗುರುತು ನಿನ್ನ ಮುಂಗೈಯಲ್ಲಿ ಇನ್ನೂ ಇದ್ದರೆ ಇರಲಿ.

ಗೂಬೆ ಕಿರುಚಲಿಲ್ಲ. ಮೇಜಿನ ಕೆಳಗೆ ಮಂಡಿಯೂರಿ ಎರಡೂ ಕೈಯಲ್ಲಿ ನೆಲ ತಡವುತ್ತಿದ್ದ. "ಅಕ್ಕಾ, ನನ್ನ ಕನ್ನಡಕ ಎಲ್ಲಿ ಬಿತ್ತು ನೋಡು" ಎಂದ. ಬೆರಳ ಸಂದಿನಿಂದ ರಕ್ತ ಸುರಿದು ಕೀಬೋರ್ಡಿನ ಒಳಗೆಲ್ಲ ಇಳಿಯುತ್ತಿತ್ತು. ಅವನು ಕನ್ನಡಕ ಹುಡುಕುತ್ತಿದ್ದ.

ಅಮ್ಮ ನಿನ್ನ ಹೆಸರು ಎತ್ತುವುದಿಲ್ಲ. ನಿನ್ನ ತಟ್ಟೆಯನ್ನು ಅಟ್ಟದ ಮೇಲಿಟ್ಟಿದ್ದಾಳೆ. ನನಗೆ ಮೈಯೆಲ್ಲ ಉರಿಯುತ್ತಿದೆ, ಆದರೂ ಬರೆಯುತ್ತಿದ್ದೇನೆ. ಯಾಕೆ ಹೊಡೆದೆ ಎಂದು ಪೋಲೀಸರಿಗೆ ಹೇಳಿದೆ, ಕೋರ್ಟಿಗೆ ಹೇಳಿದೆ. ನನಗೆ ಹೇಳಲಿಲ್ಲ. ಹೇಳು.

ನಿನ್ನ ಅಕ್ಕ


ಮಾರ್ಚ್ 11

ಅಕ್ಕಾ,

ಯಾಕೆ ಅಂತ ಕೇಳಿದ್ದೀಯ. ನಿನ್ನ ಕಣ್ಣೆದುರಿಗೇ ಆಗಿದ್ದಲ್ಲವಾ?

ಕೊನೆಯ ಸುತ್ತು. ಆಟದೊಳಗೆ ಬದುಕಿರಲು ಬಿಡುವ ವೃತ್ತ ಚಿಕ್ಕದಾಗುತ್ತಾ ಬಂದಿತ್ತು, ಬದುಕಿದ್ದವರೆಲ್ಲ ಒಂದೇ ಅಂಗಳಕ್ಕೆ ಬಂದು ಬಿದ್ದಿದ್ದರು. ಹೊಗೆ, ಬಾಂಬು, ನಾಲ್ಕೂ ಕಡೆಯಿಂದ ಗುಂಡು. ಆಗ ಗೂಬೆ ಮೇಜಿನ ಕೆಳಗೆ ಬಗ್ಗಿದ. ನಾನು ಕಣ್ಣಂಚಿನಲ್ಲಿ ನೋಡಿದೆ. ನೆಟ್‌ವರ್ಕಿನ ವೈರುಗಳು ಅಲ್ಲೇ ಇದ್ದವು, ಅವುಗಳನ್ನು ಎಳೆದು ಜೋಡಿಸಿದ್ದೂ ಅವನೇ. ಅವನು ಎದ್ದು ಕೂತ ಮೇಲೆ ನನ್ನ ಪರದೆಯ ಚಿತ್ರ ಅಲ್ಲಾಡದೆ ಅಂಟಿಕೊಂಡಿತು. ಬಿಟ್ಟಿತು, ಮತ್ತೆ ಅಂಟಿಕೊಂಡಿತು. ಮೂರನೇ ಸಲ ಬಿಟ್ಟಾಗ ನಾನು ನೆಲದ ಮೇಲೆ ಹೆಣವಾಗಿದ್ದೆ. ಪಕ್ಕದಲ್ಲಿ ಅವನು ಆರಾಮಾಗಿ ಆಡುತ್ತಿದ್ದ. ಇಬ್ಬರಲ್ಲಿ ಒಬ್ಬನಿಗೇ ಜಾಗ ಅಂತ ಗೊತ್ತಾದ ದಿನದಿಂದ ಅವನು ನನ್ನ ಮುಖ ನೋಡಿ ಮಾತಾಡಿರಲಿಲ್ಲ. ನನ್ನ ನೆಟ್‌ವರ್ಕ್ ಲೈನು ಎಳೆದು ನನ್ನ ಬದುಕಿಗೆ ಕಲ್ಲು ಹಾಕಿದ. ನಾನು ಅವನ ಒಂದು ಕಣ್ಣು ತೆಗೆದೆ. ಲೆಕ್ಕ ಇನ್ನೂ ಬಾಕಿ ಇದೆ ಅಂತಲೇ ನನಗನ್ನಿಸುವುದು.

ಇನ್ನು ಮುಂದೆ ಪತ್ರ ಒಂದೇ ಗತಿ. ಒಂದು ಹೊಡೆದಾಟಕ್ಕೆ ಶಿಕ್ಷೆ ಅಂತ ಫೋನು, ಭೇಟಿ ಎರಡನ್ನೂ ನಿಲ್ಲಿಸಿದ್ದಾರೆ. ನನ್ನ ಕೋಣೆಯಲ್ಲಿ ಒಬ್ಬ ವೆಲ್ಡರ್ ಇದ್ದಾನೆ, ಎತ್ತಿನಂಥ ಆಳು, ಮಾತು ಕಡಿಮೆ. ಸ್ನಾನದ ಸಾಲಿನಲ್ಲಿ ಇಬ್ಬರು ಅವನನ್ನು ಗೋಡೆಗೆ ಒತ್ತಿ ಹಿಡಿದರು. ಒಬ್ಬನ ಕೈಯಲ್ಲಿ ಉಜ್ಜಿ ಚೂಪು ಮಾಡಿದ ಚಮಚ ಇತ್ತು. ನಾನು ಹಿಂದಿನಿಂದ ಹೋಗಿ ಚಮಚದವನ ಕಿವಿ ಕಚ್ಚಿದೆ. ಅದರ ತುದಿ ನನ್ನ ಬಾಯಲ್ಲೇ ಉಳಿಯಿತು, ಉಗುಳಿದೆ. ನನ್ನ ತೋಳಿಗೆ ಹೊಲಿಗೆ ಬಿದ್ದಿದೆ. ವೆಲ್ಡರ್ ಅಂದಿನಿಂದ ತನ್ನ ಊಟದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕುತ್ತಾನೆ. "ನಿಂಗೇನಾದ್ರೂ ಆಗ್ಬೇಕಿದ್ರೆ ಹೇಳು, ಆಗೋಗತ್ತೆ" ಅಂತಾನೆ.

ಇಲ್ಲಿ ಬರುವ ಹೋಗುವ ಪತ್ರವನ್ನೆಲ್ಲ ಗೇಟಿನಲ್ಲಿ ಒಬ್ಬ ವಾರ್ಡರ್ ಓದಿ ಬಿಡುತ್ತಾರೆ. ಇಡೀ ಜೈಲಿಗೆ ಅವರೊಬ್ಬರೇ, ಬೆರಳಿಟ್ಟು ಓದುತ್ತಾರೆ. ನಿನ್ನ ಪತ್ರ ಓದಿ ನನ್ನನ್ನು ಕರೆಸಿದರು. ಬೈಯುತ್ತಾರೆ ಅಂದುಕೊಂಡೆ. "ನಿಮ್ಮಕ್ಕ ಕಂಪ್ಯೂಟರ್ ಕಟ್ಟಿ ಕೊಡ್ತಾರಾ? ನಮ್ಮನೇಲಿ ಹಳೇದೊಂದಿದೆ. ಮಗಳು ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿಸು ಅಂತ ತಲೆ ತಿಂತಿದಾಳೆ. ಹಾಕಿಸಬಹುದಾ ಕೇಳಿ ನೋಡು" ಅಂದರು. ಕೇಳಿದ್ದೇನೆ.

ತಮ್ಮ


ಏಪ್ರಿಲ್ 27

ತಮ್ಮಾ,

ತಡವಾಯಿತು. ಬರೆಯಲು ಅಂಗಡಿಯಲ್ಲಿ ಮೇಜೇ ಇರಲಿಲ್ಲ.

ಗೂಬೆಯ ಅಣ್ಣ, ಆ ಲಾರಿ ಡ್ರೈವರ್, ಇನ್ನಿಬ್ಬರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಚಕ್ರ ಬಿಚ್ಚುವ ರಾಡು. ಮೊದಲು ಗಾಜು ಹೋಯಿತು. ಆಮೇಲೆ ಮೇಜಿನ ಮೇಲಿದ್ದ ಗಿರಾಕಿಗಳ ಮಷೀನುಗಳನ್ನು ಒಂದೊಂದಾಗಿ ಬೀದಿಗೆ ಎಸೆದರು. "ನಿನ್ನ ತಮ್ಮ ಕಣ್ಣು ತಗೊಂಡ, ನಾನು ಅಂಗಡಿ ತಗೋತೀನಿ" ಎಂದ. ನಾನು ಸುಮ್ಮನೆ ಕೈಕಟ್ಟಿ ನಿಲ್ಲುವವಳಲ್ಲ. ಮಾನಿಟರಿನ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಅವನ ಮೊಣಕಾಲಿಗೆ ಬೀಸಿದೆ. ಕಟ್ ಎಂದಿತು. ಅವನು ನನ್ನ ಕೂದಲು ಹಿಡಿದು ಹಣೆಯನ್ನು ಮೇಜಿನ ಅಂಚಿಗೆ ಒಂದು ಸಲ ಅಪ್ಪಳಿಸಿದ. ಪಕ್ಕದ ಟೈಲರ್ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಓಡಿ ಬಂದದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಅವನು ಕುಂಟುತ್ತಾ ಹೋದ. ನಾನು ಹಣೆಗೆ ಬಟ್ಟೆ ಒತ್ತಿಕೊಂಡು ಕೂತೆ.

ಮಾರನೇ ದಿನ ಬಾಗಿಲು ತೆರೆಯಲು ಹೋದರೆ ಗೂಬೆ ಆಗಲೇ ಬಂದು ಗಾಜು ಗುಡಿಸುತ್ತಿದ್ದ. ಒಂದೇ ಕಣ್ಣಿಗೆ ದೂರ ಹತ್ತಿರ ಅಂದಾಜು ಸಿಗುವುದಿಲ್ಲವಂತೆ, ಪೊರಕೆ ಗೋಡೆಗೆ ತಗಲುತ್ತಿತ್ತು. "ನಮ್ಮಣ್ಣ ಒಡೆದದ್ದನ್ನ ನಾನು ಸರಿ ಮಾಡ್ತೀನಿ. ಸಂಬಳ ಬೇಡ" ಎಂದ. ನಾನು ಹೋಗು ಎಂದೆ. ಹೋಗಲಿಲ್ಲ. ಒಡೆದ ಮಷೀನುಗಳಲ್ಲಿ ಬದುಕಿದ ಭಾಗಗಳನ್ನು ಬೇರೆ ಮಾಡಿ ಸಂಜೆಯೊಳಗೆ ಎರಡು ಕಟ್ಟಿ ನಿಲ್ಲಿಸಿದ. ಅಂದಿನಿಂದ ದಿನಾ ಬರುತ್ತಿದ್ದಾನೆ. ನೀನು ಕೂರುತ್ತಿದ್ದ ಕುರ್ಚಿಯಲ್ಲಿ ಕೂರುತ್ತಾನೆ. ಇದನ್ನು ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳು.

ಮೇಜಿನ ಕೆಳಗೆ ಯಾಕೆ ಬಗ್ಗಿದೆ ಎಂದು ಅವನನ್ನೂ ಕೇಳಿದೆ. "ಅವನು ಕಾಲು ಕುಣಿಸ್ತಾನಲ್ಲ ಅಕ್ಕ, ಕರೆಂಟಿನ ವೈರಿಗೆ ತಗಲ್ತಿತ್ತು. ಕಿತ್ತು ಬಂದ್ರೆ ಅಂತ ಸರಿಸಿದೆ" ಎಂದ. ಆಣೆ ಪ್ರಮಾಣ ಏನೂ ಮಾಡಲಿಲ್ಲ. ಇಷ್ಟೇ ಹೇಳಿ ಸ್ಕ್ರೂ ಬಿಗಿಯುವುದಕ್ಕೆ ಹೋದ.

ವಾರ್ಡರ್ ಅವರಿಗೆ ಹೇಳು: ಮೊದಲು ಮನೆಯ ಮಷೀನಿನಲ್ಲಿ ಯಾವ ಪ್ರೊಸೆಸರ್ ಇದೆ ನೋಡಿಕೊಂಡು ಬರಲಿ. ಪ್ರೊಸೆಸರ್ ಇಟ್ಟಿಗೆ ಎತ್ತಿ ಕೊಡುವ ಆಳು, ಗ್ರಾಫಿಕ್ಸ್ ಕಾರ್ಡು ಗೋಡೆ ಕಟ್ಟುವ ಮೇಸ್ತ್ರಿ. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗಲಿತು ಎಂದು ಲೆಕ್ಕ ಹಾಕಿ ಕೊಡುವುದು ಪ್ರೊಸೆಸರ್, ಅದನ್ನು ಚಿತ್ರವಾಗಿ ಬರೆಯುವುದು ಕಾರ್ಡು. ಮುದಿ ಆಳಿನ ಪಕ್ಕ ಗಟ್ಟಿ ಮೇಸ್ತ್ರಿಯನ್ನು ತಂದು ನಿಲ್ಲಿಸಿದರೆ ಗೋಡೆ ಬೇಗ ಏಳುವುದಿಲ್ಲ. ಮೇಸ್ತ್ರಿ ಕೈ ಚಾಚಿಕೊಂಡು ನಿಂತಿರುತ್ತಾನೆ, ಅಷ್ಟೇ.

ನಿನಗೂ ಇದನ್ನೇ ಹೇಳಿದ್ದೆ. ನೀನು ಆ ಕಾರ್ಡನ್ನು ಹಿಂದಿನ ಪಂದ್ಯದಲ್ಲಿ ಬಹುಮಾನವಾಗಿ ಗೆದ್ದು ತಂದ ದಿನ, ಪ್ರೊಸೆಸರ್ ಬದಲಿಸದೆ ಇದನ್ನು ಹಾಕಬೇಡ ಎಂದೆ. "ನಿಂಗೆ ಹೊಟ್ಟೆ ಉರಿ" ಎಂದು ನಗುತ್ತಾ ಮಷೀನು ಎತ್ತಿಕೊಂಡು ಹೋದೆ. ಗೂಬೆಯ ಮೇಲೆ ಗೂಬೆ ಕೂರಿಸುವ ಮೊದಲು ಅದನ್ನು ಸ್ವಲ್ಪ ನೆನಪು ಮಾಡಿಕೋ.

ಅಕ್ಕ


ಜೂನ್ 8

ಅಕ್ಕಾ,

ಈ ಪತ್ರ ಗೇಟಿನಿಂದ ಬಂದಿಲ್ಲ. ತರಕಾರಿ ಗಾಡಿಯವನ ಕೈಯಲ್ಲಿ ಕಳಿಸಿದ್ದೇನೆ. ಆದ್ದರಿಂದ ಬಿಚ್ಚಿ ಹೇಳುತ್ತೇನೆ.

ನನ್ನ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದೀಯ. ನಿನ್ನ ಪತ್ರ ಓದಿದ ರಾತ್ರಿ ಗೋಡೆಗೆ ಗುದ್ದಿ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡೆ. ನಾನು ಇಲ್ಲಿ ಕಂಡವರ ಕಿವಿ ಕಚ್ಚಿ ಬದುಕಬೇಕು, ಅವನು ಅಲ್ಲಿ ನನ್ನ ಅಕ್ಕನ ಪಕ್ಕ ಕೂತು ಸ್ಕ್ರೂ ಬಿಗಿಯಬೇಕು. ಮೊದಲು ತಂಡದ ಜಾಗ ತಗೊಂಡ. ಒಂದು ಕಣ್ಣು ಹೋದವನನ್ನು ತಂಡದವರು ಬಿಟ್ಟರು ಅಂದ ಕೂಡಲೇ ನನ್ನ ಮನೆಯ ಜಾಗಕ್ಕೆ ಬಂದ. ನೀನು ಪ್ರೊಸೆಸರು, ಇಟ್ಟಿಗೆ, ಮೇಸ್ತ್ರಿ ಅಂತ ಪಾಠ ಹೇಳುತ್ತೀಯ. ಮೂರು ತಿಂಗಳು ಮನೆಯಲ್ಲಿ ಆಡಿದ್ದೇನೆ, ಒಂದು ಸಲವೂ ನಿಲ್ಲದ ಮಷೀನು ಆ ದಿನ, ಅವನು ಬಗ್ಗಿ ಎದ್ದ ಮೇಲೇ ಯಾಕೆ ನಿಲ್ಲಬೇಕು?

ವೆಲ್ಡರ್ ಮುಂದಿನ ತಿಂಗಳು ಬಿಡುಗಡೆ ಆಗುತ್ತಾನೆ. ಅಂಗಡಿಯ ಗುರುತು ಹೇಳಿದ್ದೇನೆ, ಒಕ್ಕಣ್ಣನ ಗುರುತು ಹೇಳುವುದೇ ಬೇಕಿಲ್ಲ. ಕೊಲ್ಲಬೇಡ ಅಂತ ಹೇಳಿದ್ದೇನೆ. ಎರಡು ಕೈಯನ್ನೂ ಮೇಜಿನ ಮೇಲೆ ಇಡಿಸಿ ಸುತ್ತಿಗೆಯಲ್ಲಿ ಬೆರಳು ಬೆರಳಾಗಿ ಜಜ್ಜಬೇಕು. ಇನ್ನು ಜನ್ಮದಲ್ಲಿ ಮೌಸ್ ಹಿಡಿಯಬಾರದು, ಯಾರ ಲೈನೂ ಎಳೆಯಬಾರದು. ನೀನು ಆ ಹೊತ್ತಿಗೆ ಅಂಗಡಿಯಲ್ಲಿ ಇರಬೇಡ. ಅವನನ್ನು ಇವತ್ತೇ ಹೊರಗೆ ಹಾಕಿದರೆ ಇನ್ನೂ ಒಳ್ಳೆಯದು, ಕೆಲಸ ಬೀದಿಯಲ್ಲಿ ಆಗುತ್ತದೆ.

ತಮ್ಮ


ಜೂನ್ 30

ತಮ್ಮಾ,

ಇದು ಗೇಟಿನ ಮೂಲಕ ಬರುತ್ತಿದೆ, ಎಷ್ಟು ಹೇಳಬೇಕೋ ಅಷ್ಟೇ ಹೇಳುತ್ತೇನೆ. ನಿನ್ನ ಹಿಂದಿನ ಕಾಗದವನ್ನು ತೋರಿಸಬೇಕಾದವರಿಗೆ ತೋರಿಸಿದ್ದರೆ ನೀನು ಮುದುಕನಾಗಿ ಹೊರಗೆ ಬರುತ್ತಿದ್ದೆ. ಠಾಣೆಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ. ಅಮ್ಮ ಹಾಲು ಕಾಯಿಸುತ್ತಿದ್ದ ಉರಿಗೆ ಹಿಡಿದು ಸುಟ್ಟೆ. ಗೂಬೆಗೆ ಮಾತ್ರ ಓದಿ ಹೇಳಿದೆ, ಊರು ಬಿಡು ಎಂದೆ. "ಎಲ್ಲಿಗೆ ಹೋಗ್ಲಿ ಅಕ್ಕ? ಈ ಮುಖ ಹೊತ್ಕೊಂಡು ಹೋದ್ರೆ ಎಲ್ಲ ಊರಲ್ಲೂ ಗುರುತು ಸಿಗತ್ತೆ" ಎಂದು ನಕ್ಕ. ಆ ಗಿರಾಕಿ ಬಂದರೆ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ.

ಈಗ ಕೇಳು. ಕೋಪ ಮಾಡಿಕೊಂಡು ಪತ್ರ ಹರಿಯಬೇಡ, ಕೊನೆಯವರೆಗೆ ಓದು.

ಮಗನಿಗಾಗಿ ಮಷೀನು ಕಟ್ಟಿಸಲು ಬಂದ ಹಲ್ಲಿನ ಡಾಕ್ಟರ ಹತ್ತಿರ ನಿನ್ನದೇ ಜಾತಿಯ ಕಾರ್ಡು ಇತ್ತು. ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ ಎಂದು ಕೇಳಿ ಪಡೆದೆ. ಗುಜರಿ ಡ್ರಾಯರಿನಲ್ಲಿ ನಿನ್ನದೇ ಹಳೆಯ ಪ್ರೊಸೆಸರಿನ ಅಣ್ಣತಮ್ಮ ಒಂದು ಸಿಕ್ಕಿತು. ಎರಡನ್ನೂ ಕೂಡಿಸಿ ಗೂಬೆಯನ್ನು ಆಡಲು ಕೂರಿಸಿದೆ. ಮೊದಲು ಚಿತ್ರದ ಸೆಟ್ಟಿಂಗನ್ನೆಲ್ಲ ಮೇಲಿಟ್ಟು ಆಡಿಸಿದೆ, ನೀನು ಮನೆಯಲ್ಲಿ ಆಡುತ್ತಿದ್ದ ಹಾಗೆ. ನೀರಿನ ಹಾಗೆ ಹೋಯಿತು. ಆಮೇಲೆ ಎಲ್ಲವನ್ನೂ ಕೆಳಗಿಳಿಸಿದೆ, ನೀನು ವೇದಿಕೆಯ ಮೇಲೆ ಇಳಿಸಿದ ಹಾಗೆ. ಚಿತ್ರ ಕಡಿಮೆ ಮಾಡಿದರೆ ವೇಗ ಜಾಸ್ತಿ ಎಂದು ನೀವು ಆಡುವವರೆಲ್ಲ ಕಣ್ಣು ಮುಚ್ಚಿ ಮಾಡುವ ಕೆಲಸ ಅದು. ಆದರೆ ಆಗ ಏನಾಗುತ್ತದೆ? ಕಾರ್ಡಿಗೆ ಬರೆಯಲು ಕೆಲಸವೇ ಇರುವುದಿಲ್ಲ, ಕೊಟ್ಟದ್ದನ್ನು ಗಳಿಗೆಯಲ್ಲಿ ಮುಗಿಸಿ ಇನ್ನೊಂದು ಕೊಡು ಇನ್ನೊಂದು ಕೊಡು ಎಂದು ಪ್ರೊಸೆಸರಿನ ಕತ್ತಿನ ಮೇಲೆ ಕೂರುತ್ತದೆ. ಜನ ಕಡಿಮೆ ಇದ್ದಾಗ ಅದು ಹೇಗೋ ತೇಕುತ್ತಾ ಕೊಡುತ್ತದೆ. ಕೊನೆಯ ವೃತ್ತದಲ್ಲಿ, ಅಷ್ಟು ಜನ, ಅಷ್ಟು ಹೊಗೆ, ಅಷ್ಟು ಗುಂಡು ಒಂದೇ ಅಂಗಳದಲ್ಲಿ ಇದ್ದಾಗ, ಉಸಿರು ಕಟ್ಟಿತು. ಗೂಬೆಯ ಪರದೆ ಅಂಟಿಕೊಂಡಿತು. ಬಿಟ್ಟಿತು. ಮತ್ತೆ ಅಂಟಿಕೊಂಡಿತು. ಅವನು ಮೌಸ್ ಬಿಟ್ಟು ಎದ್ದು ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತ.

ಅದೇ ಕಾರ್ಡನ್ನು ಹೊಸ ಪ್ರೊಸೆಸರಿನ ಜೊತೆ ಹಾಕಿದೆ, ಒಂದು ಸಲವೂ ನಿಲ್ಲಲಿಲ್ಲ. ಅದೇ ಹಳೆಯ ಪ್ರೊಸೆಸರಿಗೆ ಚಿಕ್ಕ ಕಾರ್ಡು ಹಾಕಿದೆ, ನಿಧಾನ, ಆದರೆ ಒಂದೇ ಸಮ. ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಜೋಡಿ ಕೆಟ್ಟಿತ್ತು.

ಇದೆಲ್ಲ ಅಕ್ಕ ಅವನ ಪರ ಕಟ್ಟಿದ ಕತೆ ಎನ್ನುತ್ತೀಯ, ಗೊತ್ತು. ಆದ್ದರಿಂದ ಇನ್ನೊಂದು ಮಾಡಿದೆ. ಗೂಬೆ ಆಡುತ್ತಿರುವಾಗ ಹೇಳದೆ ಕೇಳದೆ ನೆಟ್‌ವರ್ಕ್ ವೈರ್ ಕಿತ್ತೆ. ಎದುರಿನವರೆಲ್ಲ ನಿಂತಲ್ಲೇ ನಿಂತರು, ಕೆಲವರು ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇದ್ದರು. ಆದರೆ ಗೂಬೆ ಮೌಸ್ ಎಳೆದರೆ ಅವನ ನೋಟ ಬೇಕಾದ ಕಡೆಗೆ ತಿರುಗುತ್ತಿತ್ತು. ಲೈನು ಹೋದರೆ ಲೋಕ ನಿಲ್ಲುತ್ತದೆ, ನಿನ್ನ ಕತ್ತು ತಿರುಗುತ್ತದೆ. ಪ್ರೊಸೆಸರಿಗೆ ಉಸಿರು ಕಟ್ಟಿದರೆ ನಿನ್ನ ಕತ್ತೂ ತಿರುಗುವುದಿಲ್ಲ.

ಒಂದೇ ಪ್ರಶ್ನೆ. ಆ ಗಳಿಗೆಯಲ್ಲಿ ಮೌಸ್ ಎಳೆದಾಗ ನಿನ್ನ ನೋಟ ತಿರುಗಿತಾ? ನನಗೆ ಉತ್ತರ ಹೇಳುವ ಮೊದಲು ನಿನಗೆ ಹೇಳಿಕೋ.

ಅಕ್ಕ


ಜುಲೈ 20

ಅಕ್ಕಾ,

ನಿನ್ನ ಪತ್ರ ನಿನ್ನೆ ಕೈಗೆ ಬಂತು. ವಾರ್ಡರ್ ಕಾಲು ಉಳುಕಿಸಿಕೊಂಡು ರಜೆ ಹಾಕಿದ್ದರು, ಪತ್ರಗಳೆಲ್ಲ ಅವರ ಮೇಜಿನ ಮೇಲೆ ರಾಶಿ ಬಿದ್ದಿದ್ದವು, ಈಗ ಮೇಲೆ ಮೇಲೆ ನೋಡಿ ಬಿಡುತ್ತಿದ್ದಾರೆ. ನೀನು ಬರೆದು ಎಷ್ಟೋ ದಿನ ಆಗಿದೆ. ಇಷ್ಟು ದಿನ ಅದು ನನ್ನಿಂದ ಎರಡು ಗೋಡೆ ಆಚೆ ಬಿದ್ದಿತ್ತು.

ತಿರುಗಲಿಲ್ಲ ಅಕ್ಕ.

ಎದುರಿಗೆ ಹಳದಿ ಬಣ್ಣದ ಗೋಡೆ ಇತ್ತು. ಬಲಗಡೆ ಹೆಜ್ಜೆ ಸದ್ದು ಕೇಳಿಸಿತು. ಮೌಸನ್ನು ಮೇಜಿನ ತುದಿವರೆಗೆ ಎಳೆದೆ. ಹಳದಿ ಗೋಡೆ ಹಾಗೇ ಇತ್ತು. ಕೋರ್ಟಿನಲ್ಲಿ ನಾನೇ ಹೇಳಿದ್ದೆ, ಎಳೆದೆ, ಗೋಡೆ ತಿರುಗಲಿಲ್ಲ, ಅವನು ಕತ್ತರಿಸಿದ ಅಂತ. ನನ್ನ ಬಾಯಿಂದಲೇ ಬಂದಿತ್ತು. ಚಿಕ್ಕಂದಿನಿಂದ ಆಡಿದವನು ನಾನು. ಲೈನು ಹೋದಾಗ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲವಾ? ಸಾವಿರ ಸಲ ನೋಡಿದ್ದೇನೆ. ಆದರೂ ಆ ಗಳಿಗೆಯಲ್ಲಿ ನನಗೆ ಅವನು ಬಗ್ಗಿದ್ದೊಂದೇ ಕಂಡಿತು.

ಅವನು ನನ್ನ ಕಾಲಿಗೆ ತಗಲುತ್ತಿದ್ದ ವೈರು ಸರಿಸಿದ. ನಾನು ಅವನ ಕಣ್ಣಿಗೆ ತಗಡು ಹೊಡೆದೆ. "ಅಕ್ಕಾ, ನನ್ನ ಕನ್ನಡಕ" ಅಂತ ಅವನು ಹೇಳಿದ್ದು ನನಗೆ ಆ ದಿನ ಕೇಳಿಸಿರಲಿಲ್ಲ, ಈಗ ಕೇಳಿಸುತ್ತಿದೆ.

ಅಕ್ಕ, ನಾನು ಹೇಳಿದ್ದ ಗಿರಾಕಿ ಕಳೆದ ವಾರವೇ ಹೊರಟ. ಎಲ್ಲೋ ತನ್ನವರನ್ನು ನೋಡಿಕೊಂಡು ಆಮೇಲೆ ನಿಮ್ಮ ಕಡೆ ಬರುತ್ತಾನೆ. ಅವನಿಗೆ ಫೋನಿಲ್ಲ. ಬಂದರೆ ನಾನು ಬೇಡ ಅಂದೆ ಅಂತ ಹೇಳು. ಕಿವಿ ಕಚ್ಚಿದವನ ಅಕ್ಕ ನಾನು ಅಂತ ಹೇಳು, ನಂಬುತ್ತಾನೆ. ಅಂಗಡಿ ಮುಚ್ಚು. ಗೂಬೆಯನ್ನು ಎಲ್ಲಿಗಾದರೂ ಕಳಿಸು, ಇವತ್ತೇ.

ತರಕಾರಿ ಗಾಡಿಯವನನ್ನು ಗೇಟಿನಲ್ಲಿ ಹಿಡಿದು ಬಡಿದು ಓಡಿಸಿದ್ದಾರೆ, ಆದ್ದರಿಂದ ಇದನ್ನು ವಾರ್ಡರ್ ಮೇಜಿಗೇ ಹಾಕುತ್ತಿದ್ದೇನೆ. ಇವತ್ತು ಬೆಳಗ್ಗೆಯಿಂದ ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಫೋನು ಮೇಜಿನ ಮೇಲೇ ಇತ್ತು. ಒಳಗೆ ಹೋಗಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ಬೇಗ ತಲುಪಲಿ.

ತಮ್ಮ


ಆಗಸ್ಟ್ 17

ತಮ್ಮಾ,

ಅಕ್ಷರ ನೋಡಿದ ಕೂಡಲೇ ಯಾರದ್ದು ಎಂದು ಗೊತ್ತಾಗಿರುತ್ತದೆ. ಶಾಲೆಯಲ್ಲಿ ನಿನ್ನ ಹೋಂವರ್ಕನ್ನೆಲ್ಲ ಬರೆದುಕೊಟ್ಟ ಕೈ. ಅಕ್ಕ ಹೇಳುತ್ತಾಳೆ, ನಾನು ಬರೆಯುತ್ತಿದ್ದೇನೆ. ಹೇಳಿದಂತೆಯೇ ಬರೆಯಬೇಕು, ಮೃದು ಮಾಡಬಾರದು ಎಂದು ತಾಕೀತು ಮಾಡಿದ್ದಾಳೆ. ಇಲ್ಲಿಂದ ಮುಂದೆ ಅವಳ ಮಾತು.

ನಿನ್ನ ಪತ್ರ ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಿಕ್ಕಿತು. ಅಮ್ಮ ಒಡೆದು ಓದಿ ಹೇಳಿದಳು.

ನೀನು ಕಳಿಸಿದ ವೆಲ್ಡರ್ ಬಂದದ್ದು ಜುಲೈ 24ಕ್ಕೆ, ಹಾಡಹಗಲಲ್ಲಿ. ನಾನು ಒಂದು ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸುತ್ತಿದ್ದೆ. ಆ ಕೆಲಸದಲ್ಲಿ ಉಸಿರು ಹಿಡಿದೇ ಇರಬೇಕು, ಕೂದಲೆಳೆಯಂಥ ತಂತಿಗಳು, ಒಂದು ಬಾಗಿದರೂ ಬೋರ್ಡು ಹೋಯಿತು. ಆದ್ದರಿಂದ ಅವನು ಒಳಗೆ ಬಂದು ಷಟರ್ ಅರ್ಧ ಎಳೆದದ್ದನ್ನು ನಾನು ನೋಡಲಿಲ್ಲ. ಬಾಗಿಲಲ್ಲಿ ನಿಂತಿರುತ್ತೇನೆ ಎಂದು ನಿನಗೆ ಬರೆದಿದ್ದೆ, ನಿಂತಿರಲಿಲ್ಲ. ತಲೆ ಎತ್ತಿದಾಗ ಅವನು ಗೂಬೆಯ ಕತ್ತು ಹಿಡಿದು ಮೇಜಿಗೆ ಅದುಮಿದ್ದ. ಗೂಬೆಯ ಮೂಗು ಒಡೆದಿತ್ತು. ಎಡಗೈಯನ್ನು ಮೇಜಿನ ಮೇಲೆ ಚಾಚಿಸಿ ಮಣಿಕಟ್ಟಿನ ಮೇಲೆ ಮೊಣಕೈ ಊರಿದ್ದ. ಸುತ್ತಿಗೆ ಮೇಲೆದ್ದಿತ್ತು. ಅವನ ಮುಖದಲ್ಲಿ ಕೋಪವೇ ಇರಲಿಲ್ಲ ಕಣೋ. ಹೇಳಿದ ಕೆಲಸ ಮಾಡುವವನ ಮುಖ.

ನಾನು ಏನೂ ಯೋಚನೆ ಮಾಡಲಿಲ್ಲ. ಗೂಬೆಯ ಕೈ ಮೇಲೆ ನನ್ನ ಬಲಗೈ ಇಟ್ಟೆ. ಸುತ್ತಿಗೆ ಇಳಿಯಿತು. ಅವನು ಏನಾಯಿತು ಎಂದು ನೋಡುವ ಮೊದಲು ಇನ್ನೊಂದು ಸಲ ಇಳಿಯಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಸದ್ದು. ಮೂರು ಬೆರಳಿನ ಮೂಳೆ ಪುಡಿ. ತೋರುಬೆರಳು ಚರ್ಮದಲ್ಲಿ ನೇತಾಡುತ್ತಿತ್ತು, ಅದನ್ನು ತೆಗೆದಿದ್ದಾರೆ. ಉಳಿದವು ಮಡಚುವುದಿಲ್ಲ.

(ಇಲ್ಲಿ ಅಕ್ಕ ಎಡಗೈಯಲ್ಲಿ ಪೆನ್ನು ಕಿತ್ತುಕೊಂಡು ತಾನೇ ಬರೆಯಲು ನೋಡಿ, ವಾಪಸ್ ಕೊಟ್ಟಳು.)

"ಕಿವಿ ಕಚ್ಚಿದವನ ಅಕ್ಕ ನಾನು" ಎಂದು ಹೇಳಲು ನೀನು ಬರೆದಿದ್ದೆಯಲ್ಲ, ಆ ಮಾತು ನನ್ನ ಹತ್ತಿರ ಆಗ ಇರಲಿಲ್ಲ. "ನನ್ನ ತಮ್ಮ ನಿನ್ನ ಇದಕ್ಕೇ ಕಳಿಸಿದ್ನಾ" ಎಂದಷ್ಟೇ ಕೇಳಿದೆ. ಅವನು ನನ್ನ ಮುಖ ನೋಡಿದ, ಗೋಡೆಯ ಮೇಲಿದ್ದ ನಿನ್ನ ಫೋಟೋ ನೋಡಿದ. ಸುತ್ತಿಗೆ ಕೆಳಗಿಟ್ಟು, ಹೆಗಲಿನ ಟವೆಲಿನಿಂದ ನನ್ನ ಕೈಯನ್ನು ಬಿಗಿಯಾಗಿ ಸುತ್ತಿದ. ಟೈಲರ್ ಜನ ಕೂಡಿಸಿಕೊಂಡು ಬಂದು ಅವನನ್ನು ಹೊರಗೆಳೆದು ಹಲ್ಲು ಉದುರುವ ಹಾಗೆ ಹೊಡೆದಾಗಲೂ ಕೈ ಎತ್ತಲಿಲ್ಲ. ಠಾಣೆಯಲ್ಲಿ ಯಾರು ಕಳಿಸಿದ್ದು ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಿನಗಾಗಿ ಒಬ್ಬ ಒದೆ ತಿನ್ನುತ್ತಿದ್ದಾನೆ.

ಗೂಬೆಯೂ ಹೇಳಿಲ್ಲ. ನಾನೂ ಹೇಳಿಲ್ಲ. ಪೋಲೀಸರು ಆಸ್ಪತ್ರೆಗೆ ಬಂದು ಕೇಳಿದಾಗ ನಾನು ಮಂಪರಿನಲ್ಲಿರುವ ಹಾಗೆ ನಟಿಸಿದೆ. ಅಮ್ಮ ಅಟ್ಟದಿಂದ ನಿನ್ನ ತಟ್ಟೆ ಇಳಿಸಿದಳು. ಅದರಲ್ಲೇ ಕಲಸಿ ನನಗೆ ತುತ್ತು ಮಾಡಿ ಬಾಯಿಗಿಡುತ್ತಾಳೆ, ನಿನ್ನ ಹೆಸರು ಮಾತ್ರ ಇನ್ನೂ ಎತ್ತಿಲ್ಲ.

ಆಮೇಲೆ ನಿನ್ನ ಪತ್ರ ಓದಿಸಿಕೊಂಡೆ. ತಿರುಗಲಿಲ್ಲ ಅಕ್ಕ ಎಂದು ಬರೆದದ್ದು ಕೇಳಿ ಅತ್ತೆ, ಒಪ್ಪಿಕೊಳ್ಳುತ್ತೇನೆ. ಗೂಬೆಯೂ ಅತ್ತ. ಒಂದೇ ಕಣ್ಣಿನಲ್ಲಿ ಅಳುವುದು ವಿಚಿತ್ರ ಎಂದು ನಮ್ಮಿಬ್ಬರಿಗೂ ನಗು ಬಂತು. ಆದರೆ ಬಾಗಿಲವರೆಗೆ ಎರಡು ಸಲ ಹೋದೆ, ಒಳಗೆ ಹೋಗಲಿಲ್ಲ ಎಂದು ಬರೆದಿದ್ದೀಯ. ಅದನ್ನು ಅಮ್ಮನ ಕೈಯಲ್ಲಿ ಮತ್ತೆ ಮತ್ತೆ ಓದಿಸಿದೆ. ಅವನು ಬರುವುದಕ್ಕೆ ಇನ್ನೂ ದಿನಗಳಿದ್ದವು. ಮೇಜಿನ ಮೇಲೆ ಫೋನು ಇತ್ತು. ಒಂದು ಮಾತು ಹೇಳಿದ್ದರೆ ನಿನಗೆ ಇನ್ನಷ್ಟು ವರ್ಷ ಬೀಳುತ್ತಿತ್ತು, ನನ್ನ ಬೆರಳು ಉಳಿಯುತ್ತಿತ್ತು. ಗೂಬೆಯನ್ನು ಹೊಡೆದದ್ದು ತಲೆ ಕೆಟ್ಟು. ಇದು ತಲೆ ಕೆಟ್ಟು ಅಲ್ಲ. ನಿಂತು, ಯೋಚಿಸಿ, ವಾಪಸ್ ಬಂದು ಕೂತು ಪತ್ರ ಬರೆದೆ.

ನಾನೂ ನಿನ್ನ ಕಾಗದ ಸುಟ್ಟವಳೇ. ನಿನ್ನನ್ನು ಉಳಿಸುವುದಕ್ಕೆ ಎಲ್ಲರೂ ಬಾಯಿ ಮುಚ್ಚಿಕೊಂಡದ್ದು ಸಾಕು.

ಈ ಪತ್ರ ಯಾರ ಕೈಯಲ್ಲೂ ಕದ್ದು ಬರುವುದಿಲ್ಲ. ಗೇಟಿನಿಂದಲೇ ಬರುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ಅವರು ಪೂರ್ತಿ ಓದಿ ಮುಗಿಸಿರುತ್ತಾರೆ.

ನಿನ್ನ ಅಕ್ಕ
(ಬರೆದವನು ಗೂಬೆ)

ವಾರ್ಡರ್ ಅವರೇ, ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಬಾಕಿ ಉಳಿದಿತ್ತು. ಆ ದೊಡ್ಡ ಕಾರ್ಡು ಈಗ ಬೇಡ, ಮೊದಲು ಪ್ರೊಸೆಸರ್ ಬದಲಿಸಿ. ಅಂಗಡಿಗೆ ತನ್ನಿ, ಗೂಬೆ ಕೂಡಿಸಿ ಕೊಡುತ್ತಾನೆ, ನಾನು ಪಕ್ಕದಲ್ಲಿ ನಿಂತು ಹೇಳುತ್ತೇನೆ. ನಿಮ್ಮ ಕಾಲು ವಾಸಿಯಾಗಿದೆ ಎಂದುಕೊಂಡಿದ್ದೇನೆ. ಈಗ ನನ್ನ ತಮ್ಮನನ್ನು ಕರೆಸಿ. ನಿಮ್ಮ ಬಾಗಿಲವರೆಗೆ ದಾರಿ ಅವನಿಗೆ ಗೊತ್ತಿದೆ, ಈ ಸಲ ಒಳಗೆ ಬರಲಿ.